ಗೇಟು ಬಿದ್ದಾಗ ಕೇಳಿದವರು ಲೆಕ್ಕಕ್ಕಿಲ್ಲ

ತಿಪ್ಪೇಶ ಫೋನು ತಂದು ಮೂಗಿಗೇ ಹಿಡಿದ:
"ನೋಡು ಚಿಗವ್ವ, ನಮ್ಮ ಝೀರೋ ಮೀಟರ್,
ಒಂಬತ್ತೇ ದಿನಕ್ಕೆ ನಲವತ್ತೊಂದು ಲಕ್ಷ.
ನಿಮ್ಮ ಐದು ಬೆರಳು ಎಷ್ಟು ಮಾರಿತ್ತು ಹೇಳು."

ಟ್ರಂಕಿನಿಂದ ಖಾತೆ ಪುಸ್ತಕ ತೆಗೆದೆ.
ಎಂಬತ್ತೇಳನೇ ಇಸವಿ, ಕೆಂಪು ಬಟ್ಟೆಯ ರಟ್ಟು,
ಬುಡೇನ್ ಸಾಬರ ಕ್ಯಾಸೆಟ್ ಅಂಗಡಿ, ದಾವಣಗೆರೆ.
ಬರಹ ನನ್ನದು, ಹತ್ತೊಂಬತ್ತರ ದುಂಡಕ್ಷರ.
ಐದು ಬೆರಳು: ಶ್ರಾವಣದ ಮೊದಲ ವಾರ ಅರವತ್ತೆರಡು,
ಎರಡನೇ ವಾರ ಎಂಬತ್ತು.
ಅದೇ ಅದರ ಶಿಖರ.

ಅವನು ನಗಲಿಲ್ಲ, ಪಾಪ.
ನಗದೇ ಇದ್ದದ್ದು ಇನ್ನೂ ಚುಚ್ಚಿತು.

ತಡಿಯಪ್ಪ, ಅಂದೆ. ಒಂದು ಕ್ಯಾಸೆಟ್ಟಿಗೆ ಹದಿನೆಂಟು ರೂಪಾಯಿ.
ಮಂಡಕ್ಕಿ ಭಟ್ಟಿಯ ಹುಸೇನಪೀರ ಎರಡು ದಿನ ಹೊಗೆ ಕುಡಿದು
ಒಂದು ಕೊಂಡ. ಆ ಒಂದನ್ನು
ಭಟ್ಟಿಯ ಸಾಲಿಗೆ ಸಾಲೇ ಕೇಳಿತು,
ಅಕ್ಕಿ ಉರಿಯುವ ಸದ್ದಿನ ಮೇಲೆ.
ಆಮೇಲೆ ಮಿಲ್ಲಿನ ಎರಡನೇ ಪಾಳಿಯವನೊಬ್ಬ ಎರವಲು ಒಯ್ದು
ಮೂರನೇ ಪಾಳಿಯವನಿಗೆ ದಾಟಿಸಿದ.
ಟೇಪು ಸಿಕ್ಕಿಕೊಂಡರೆ ಪೆನ್ಸಿಲ್ಲು.
ನಾನು ಅದನ್ನು ಒಂದು ಅಂತ ಬರೆದಿದ್ದೇನೆ.

ಮತ್ತೆ ಆ ರೈಲ್ವೆ ಗೇಟು.
ಗೂಡ್ಸು ಬಂದರೆ ಹನ್ನೊಂದು ನಿಮಿಷ.
ಗೇಟು ಬೀಳುತ್ತಲೇ ಸಾಬರು ಸ್ಪೀಕರನ್ನು ಬೀದಿಗೆ ತಿರುಗಿಸುವರು.
ಹರಿಹರದ ಬಸ್ಸು, ಅರಳೆ ಗಾಡಿ, ಹಾಲಿನ ಸೈಕಲ್ಲು,
ಒಮ್ಮೆ ಒಂದು ಹೆಣ ಕೂಡ;
ಹೊತ್ತವರು ಹೆಗಲು ಬದಲಿಸುತ್ತ
ಚರಣ ಮುಗಿಯುವವರೆಗೂ ಕೇಳಿದರು.
ಅವರನ್ನು ಯಾವ ಕಾಲಮ್ಮಿಗೆ ಹಾಕಲಿ?

"ಹಂಗಂದ್ರೆ ನಮ್ಮೋರ ಗತಿನೂ ಅಷ್ಟೇ," ಅಂದ.
"ನಲವತ್ತೊಂದು ಲಕ್ಷದ ದುಡ್ಡಿನಾಗೆ
ಒಂದು ಡ್ರಮ್ಮಿನ ಹೊದಿಕೆ ಬಂದಿಲ್ಲ."

ನಡುವೆ ತ್ರೀ ಫೇಸ್ ಅಂತ ನಾಲ್ವರು ಇದ್ದರು,
ಊರು ಜಿಲ್ಲೆಯಾದ ವರ್ಷ. ಕರೆಂಟು ಬಂದಾಗಷ್ಟೇ
ತಾಲೀಮು, ಅದಕ್ಕೇ ಆ ಹೆಸರು.
ಸಾವಿರದ ಇನ್ನೂರು ಹೋಯಿತು.
ಅದರ ಮೂರರಷ್ಟು ಕಳ್ಳ ಪ್ರತಿ.
ತೆಗೆದದ್ದು ನಾವೇ, ಹಿಂದಿನ ಕೋಣೆಯಲ್ಲಿ, ಎರಡು ಡೆಕ್ಕಿಟ್ಟು.
ಆ ಪುಟ ಖಾಲಿ ಬಿಟ್ಟಿದ್ದೇನೆ.

ಇನ್ನೊಂದು ಯಾರಿಗೂ ಹೇಳಿಲ್ಲ.
ಅಂಗಡಿ ಬಾಗಿಲಲ್ಲಿ ಕರಿಹಲಗೆ, ಪ್ರತಿ ಮಂಗಳವಾರ
ಸೀಮೆಸುಣ್ಣದಲ್ಲಿ ಒಂದರಿಂದ ಹತ್ತು.
ಐದು ಬೆರಳು ಹದಿಮೂರು ವಾರ ಮೊದಲ ಸಾಲು.
ಏಳು ವಾರ ಸುಳ್ಳು. ಡಬ್ಬಿಗಟ್ಟಲೆ ಉಳಿದಿತ್ತು.
"ಬರಿ ಮಗಳೇ," ಅಂದರು ಸಾಬರು,
"ಮ್ಯಾಲೆ ಬರೆದಿದ್ದೇ ಮ್ಯಾಲೆ ಹೋಗ್ತತಿ."
ಅವರು ಹೇಳದೆಯೂ ಎರಡು ವಾರ ಬರೆದೆ.
ಕೀಬೋರ್ಡಿನವನ ಬೆರಳು ಉದ್ದವಿದ್ದವು.

ತಿಪ್ಪೇಶ ನೆಲ ನೋಡಿದ.
"ನಮ್ದರಾಗೆ ಆರು ಲಕ್ಷ ಕೊಂಡಿದ್ದು, ಚಿಗವ್ವ."

ಆಗ ಇಬ್ಬರೂ ನಕ್ಕೆವು, ಚಾ ಆರುವಷ್ಟು.

ಟ್ರಂಕಿನ ತಳದಲ್ಲಿ ಒಂದು ಕ್ಯಾಸೆಟ್ಟಿತ್ತು.
ರಿಪೇರಿಗೆ ಕೊಟ್ಟು ಹೋದ ಹುಸೇನಪೀರ ತಿರುಗಿ ಬರಲಿಲ್ಲ.
ಟೇಪನ್ನು ಎಳೆದು ಕಿಟಕಿಗೆ ಹಿಡಿದೆ.
ಒಂದು ಕಡೆ ಗೇಣುದ್ದ, ಕಂದು ಸವೆದು
ಬೆಳಕು ಹಾಯುತ್ತಿದೆ:
ನಾಲ್ಕು ಸೆಕೆಂಡಿನ ಹಾಡು,
ಹಿಂದಕ್ಕೆ ತಿರುಗಿಸಿ, ಮತ್ತೆ ಹಿಂದಕ್ಕೆ ತಿರುಗಿಸಿ ಕೇಳಿದ ಜಾಗ.

ಅವನು ಫೋನಿನಲ್ಲಿ ಹಾಡಿನ ಕೆಳಗಿನ ಗೆರೆ ತೋರಿಸಿದ.
ಗೆರೆ ಒಂದು ಕಡೆ ಸಣ್ಣ ಗುಡ್ಡದಂತೆ ಉಬ್ಬಿದೆ,
ಜನ ಮತ್ತೆ ಮತ್ತೆ ಅಲ್ಲಿಗೇ ಬರುತ್ತಾರಂತೆ.

ಏನೈತೋ ಅಲ್ಲಿ? ಅಂದೆ.
"ಏನಿಲ್ಲ. ಹಾಡೋನು ಉಸಿರು ತಗೊಂತಾನೆ.
ನಿಮ್ದರಾಗೆ ಏನಿತ್ತು?"

ಅದೇ ಸವೆದು ಹೋಗೈತಲ್ಲೋ.